ನಲವತ್ತು ಕವನಗಳ ನೋಟ್‌ಬುಕ್: ಶಾಲೆಯಲ್ಲಿ ಬರೆಸುವುದು ಹೇಗೆ, ಪ್ರಕಟಿಸುವುದು ಎಲ್ಲಿ?

ಪ್ರಶ್ನೆ: ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ ನಾನು. ಎಂಟರಿಂದ ಹತ್ತನೇ ತರಗತಿವರೆಗೆ 110 ಮಕ್ಕಳಿದ್ದಾರೆ. ತಾವಾಗಿ ಬರೆಯುವವರು ಐದಾರು ಮಂದಿ. ಅವರೂ ತಾಯಿ, ಪರಿಸರ, ಕನ್ನಡಾಂಬೆ ಎಂದು ಪ್ರಾಸ ಹೊಂದಿಸಿ ಬರೆಯುತ್ತಾರೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು 40 ಕವನಗಳ ನೋಟ್‌ಬುಕ್ ತಂದುಕೊಟ್ಟಿದ್ದಾಳೆ. ಕವನಕ್ಕೆ 500 ರೂಪಾಯಿಯಂತೆ ಕಟ್ಟಿದರೆ ಸಂಕಲನದಲ್ಲಿ ಹಾಕಿ, ಐಎಸ್‌ಬಿಎನ್ ನಂಬರ್ ಮತ್ತು ಪ್ರಮಾಣಪತ್ರ ಕೊಡುತ್ತೇವೆ ಎಂದು ಒಬ್ಬರು ಅವಳ ಮನೆಯವರಿಗೆ ಫೋನ್ ಮಾಡಿದ್ದಾರೆ. ಮನೆಯವರಿಗೆ ಮನಸ್ಸಿದೆ. ಕಳಿಸಬಹುದೇ? ಉಳಿದ ಮಕ್ಕಳಿಂದಲೂ ಬರೆಸುವುದು ಹೇಗೆ?

ಉತ್ತರ: ಹಣ ಕಟ್ಟುವುದು ಬೇಡ. ಈ ವಾರವೇ ಕಟ್ಟಿಬಿಟ್ಟಾರು, ಆದ್ದರಿಂದ ಮನೆಯವರಿಗೆ ಮೊದಲು ಇಷ್ಟನ್ನು ಹೇಳಿ.

ಬರೆದವರಿಂದಲೇ ಹಣ ಪಡೆದು, ಬಂದದ್ದನ್ನೆಲ್ಲ ಸೇರಿಸುವ ಸಂಕಲನವನ್ನು ಕೊಳ್ಳುವವರು ಅದರಲ್ಲಿ ಬರೆದವರೇ. ಅರವತ್ತು ಮಕ್ಕಳ ಕವನವಿದ್ದರೆ ಪುಸ್ತಕ ಅರವತ್ತು ಮನೆಗೆ ಹೋಗುತ್ತದೆ. ಪ್ರತಿ ಮನೆಯಲ್ಲೂ ತಮ್ಮ ಮಗುವಿನ ಪುಟ ನೋಡಿ ಕಪಾಟಿಗೆ ಇಡುತ್ತಾರೆ. ಆ ಹುಡುಗಿಗೆ ಬೇಕಾಗಿರುವುದು ಓದುಗರು, ಅವರು ಅಲ್ಲಿ ಸಿಗುವುದಿಲ್ಲ. ಐಎಸ್‌ಬಿಎನ್ ಬಿರುದೂ ಅಲ್ಲ, ಗುಣಮಟ್ಟದ ಮುದ್ರೆಯೂ ಅಲ್ಲ. ಪುಸ್ತಕವನ್ನು ಗುರುತಿಸುವ 13 ಅಂಕಿಗಳ ಸಂಖ್ಯೆ ಅದು, ಅಷ್ಟೆ. ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅದರ ಹೆಸರಿನಲ್ಲಿ ಯಾರಾದರೂ ಶುಲ್ಕ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು.

ಇನ್ನೊಂದು ಮುಖ್ಯ ವಿಷಯ ಸಹಿ. 18 ತುಂಬದವರು ಮಾಡಿಕೊಂಡ ಕರಾರು, 1872ರ ಕರಾರು ಕಾಯ್ದೆಯ ಪ್ರಕಾರ ಊರ್ಜಿತವಲ್ಲ. ಅದಕ್ಕೇ ತಂದೆತಾಯಿಯ ಸಹಿ ಕೇಳುತ್ತಾರೆ. ಸಹಿ ಹಾಕುವ ಕಾಗದದಲ್ಲಿ ‘ಎಲ್ಲ ಹಕ್ಕುಗಳೂ ಪ್ರಕಾಶಕರವು’ ಎಂಬ ಸಾಲಿದೆಯೇ ನೋಡಬೇಕು. ಕವನ ಬರೆದ ಕ್ಷಣದಿಂದಲೇ ಅದರ ಹಕ್ಕು ಬರೆದ ಮಗುವಿನದು. ನೋಂದಣಿ ಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರವಣಿಗೆಯಲ್ಲೇ ಆಗಬೇಕು. ಅವಧಿ ಬರೆದಿಲ್ಲದಿದ್ದರೆ ಐದು ವರ್ಷ ಎಂದು ಲೆಕ್ಕ. ‘ಶಾಶ್ವತವಾಗಿ’ ಎಂದು ಬರೆದಿದ್ದರೆ ಮಾತ್ರ ಹುಡುಗಿ ಮುಂದೆ ತನ್ನದೇ ಪುಸ್ತಕ ತರುವಾಗ ತನ್ನದೇ ಕವನಕ್ಕೆ ಅನುಮತಿ ಕೇಳುವ ಸ್ಥಿತಿ ಬರುತ್ತದೆ.

ಈಗ ಅವಳಿಗೆ ಓದುಗರನ್ನು ಹುಡುಕೋಣ. ಅವರು ನಿಮ್ಮ ಶಾಲೆಯಲ್ಲೇ ಇದ್ದಾರೆ, ಉಳಿದ 109 ಮಕ್ಕಳು. ಕನ್ನಡದಲ್ಲಿ ಈ ದಾರಿ ಹೊಸದಲ್ಲ. 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹುಟ್ಟಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ. ನಿಮ್ಮ ಜಿಲ್ಲೆ 1997ರವರೆಗೆ ಸೇರಿಕೊಂಡಿದ್ದ ಧಾರವಾಡದಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತು. ಬರೆದದ್ದನ್ನು ಕೇಳುವ ಕಿವಿಗಳು ಎದುರಿಗೇ ಇದ್ದವು. ನಿಮ್ಮ ಶಾಲೆಯಲ್ಲೂ ಮೊದಲು ಆ ಕಿವಿಗಳನ್ನು ಸಿದ್ಧಮಾಡಬೇಕು, ಅಚ್ಚಿನ ಮಾತು ಆಮೇಲೆ.

ವಾರಕ್ಕೆ ಒಂದೇ ಪೀರಿಯಡ್ ಸಾಕು, ಆದರೆ ಅದು ತಪ್ಪಬಾರದು. ನಲವತ್ತು ನಿಮಿಷ ಸಿಕ್ಕರೆ ಮೊದಲ ಐದು ನಿಮಿಷ ನೀವು ಒಂದು ಪುಟದಷ್ಟು ಏನನ್ನಾದರೂ ಗಟ್ಟಿಯಾಗಿ ಓದಿ. ಮುಂದಿನ ಹನ್ನೆರಡು ನಿಮಿಷ ಎಲ್ಲರೂ ಬರೆಯಲಿ, ನೀವೂ ಬರೆಯಿರಿ. ಪೆನ್ನು ನಿಲ್ಲಬಾರದು ಎಂಬುದೊಂದೇ ನಿಯಮ. ಏನೂ ತೋಚದಿದ್ದರೆ ‘ಏನೂ ತೋಚುತ್ತಿಲ್ಲ’ ಎಂದೇ ಬರೆಯಲಿ, ಮೂರನೇ ಸಾಲಿಗೆ ಏನಾದರೂ ತೋಚುತ್ತದೆ. ಆಮೇಲೆ ನಾಲ್ಕು ನಾಲ್ಕು ಮಂದಿಯ ಗುಂಪಿನಲ್ಲಿ ಓದಿಕೊಳ್ಳಲು ಹದಿನೈದು ನಿಮಿಷ. ಉಳಿದ ಹೊತ್ತಿನಲ್ಲಿ ಇಬ್ಬರು ಇಡೀ ತರಗತಿಗೆ ಓದಲಿ. ಹನ್ನೆರಡು ನಿಮಿಷವನ್ನು ಮೂವತ್ತು ಮಾಡಬೇಡಿ. ಹೆಚ್ಚು ಸಮಯ ಕೊಟ್ಟರೆ ಚೆನ್ನಾಗಿ ಬರೆಯುವವರು ಮಾತ್ರ ಬರೆಯುತ್ತಿರುತ್ತಾರೆ, ಉಳಿದವರು ಅವರ ಹಾಳೆ ನೋಡುತ್ತಾ ಕೂರುತ್ತಾರೆ.

ತಾಯಿ, ಪರಿಸರ, ಕನ್ನಡಾಂಬೆ ಯಾಕೆ ಬರುತ್ತವೆ ಗೊತ್ತೇ? ಮಕ್ಕಳು ಭಾಷಣ ಸ್ಪರ್ಧೆಯಲ್ಲಿ, ರಾಜ್ಯೋತ್ಸವದಲ್ಲಿ ಚಪ್ಪಾಳೆ ಬೀಳುವುದನ್ನು ಕಂಡಿರುವುದು ಆ ವಿಷಯಗಳಿಗೇ. ವಿಷಯ ದೊಡ್ಡದಾದಷ್ಟೂ ಕೇಳಿದ ಮಾತೇ ಪೆನ್ನಿಗೆ ಬರುತ್ತದೆ. ಆದ್ದರಿಂದ ಚಿಕ್ಕದು ಕೊಡಿ, ನಿಮ್ಮ ಊರಿನದೇ ಕೊಡಿ. ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿ ಚೀಲದ ಪಕ್ಕ ಕೂತು ಬಂದ ಪ್ರಯಾಣ. ಕಡ್ಡಿ, ಡಬ್ಬಿ ಎಂಬ ಎರಡು ಬಗೆಯ ಮೆಣಸಿನಕಾಯಿಗೆ ಇರುವ ವ್ಯತ್ಯಾಸವನ್ನು ಮೆಣಸಿನಕಾಯಿಯನ್ನೇ ಕಾಣದವನಿಗೆ ಹೇಳುವುದು. ಕರೆಂಟ್ ಹೋದ ಮೇಲಿನ ಮೊದಲ ಹತ್ತು ನಿಮಿಷ. ಅವ್ವ ಸಿಟ್ಟಿನಲ್ಲಿ ಆಡುವ ಐದು ಮಾತು. ಗೋವಿನಜೋಳದ ಹೊಲದಲ್ಲಿ ರಾತ್ರಿ ಕೇಳುವ ಸದ್ದುಗಳು. ‘ನನ್ನ ಗುರಿ’ ಎಂದು ಕೊಟ್ಟರೆ ನಲವತ್ತು ಹಾಳೆಗಳೂ ಒಂದೇ ಥರ ಇರುತ್ತವೆ. ‘ಅವ್ವನ ಐದು ಮಾತು’ ಕೊಟ್ಟರೆ ಎರಡು ಹಾಳೆ ಒಂದೇ ಥರ ಇರಲಾರವು.

ತಿದ್ದುವುದು ಹೇಗೆ ಎನ್ನುವುದಕ್ಕೆ ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಎಂಟನೇ ತರಗತಿಯ ಹುಡುಗ ಹೀಗೆ ಬರೆದ ಎಂದಿಟ್ಟುಕೊಳ್ಳಿ: ‘ನಮ್ಮ ಅಜ್ಜಿ ತುಂಬಾ ಒಳ್ಳೆಯವಳು. ನನ್ನನ್ನು ತುಂಬಾ ಪ್ರೀತಿಸುತ್ತಾಳೆ. ದಿನಾ ದುಡ್ಡು ಕೊಡುತ್ತಾಳೆ.’ ಕೆಂಪು ಶಾಯಿಗೆ ಇಲ್ಲಿ ಕೆಲಸವಿಲ್ಲ, ತಪ್ಪೇ ಇಲ್ಲ. ಬರವಣಿಗೆಯಲ್ಲಿ ಅಜ್ಜಿಯೂ ಇಲ್ಲ! ಮೂರನೇ ವಾಕ್ಯದ ಮೇಲೆ ಬೆರಳಿಟ್ಟು ಕೇಳಿ: ದುಡ್ಡು ಎಲ್ಲಿಂದ ತೆಗೆದಳು? ಎಷ್ಟು? ಕೊಡುವಾಗ ಏನೆಂದಳು? ಹುಡುಗ ಬಾಯಲ್ಲಿ ಉತ್ತರ ಹೇಳುತ್ತಾನೆ. ಅದನ್ನೇ ಬರೆ ಎನ್ನಿ. ಹಾಳೆ ಹೀಗಾಗಬಹುದು: ‘ಅಜ್ಜಿ ಸೆರಗಿನ ಗಂಟು ಹಲ್ಲಿನಿಂದ ಬಿಚ್ಚಿ ಐದು ರೂಪಾಯಿ ಕೊಡತಾಳ. ದುಡ್ಡಿಗೆ ಎಲೆಅಡಿಕೆ ವಾಸನಿ ಇರತದ. ನಿಮ್ಮಪ್ಪಗ ಹೇಳಬ್ಯಾಡ ಅಂತಾಳ.’ ಒಳ್ಳೆಯವಳು, ಪ್ರೀತಿಸುತ್ತಾಳೆ ಎಂಬ ಮಾತುಗಳು ಬಿದ್ದುಹೋದವು, ಪ್ರೀತಿ ಉಳಿಯಿತು. ಈ ಮೂರು ಪ್ರಶ್ನೆ ಕೇಳಲು ಎರಡು ನಿಮಿಷ ಸಾಕು. ಉತ್ತರವನ್ನು ನೀವೇ ಬರೆದುಕೊಡಬೇಡಿ. ಶಿಕ್ಷಕರು ಸುಂದರಗೊಳಿಸಿದ ಸಾಲು ಒಂದು ಸಲ ಬಹುಮಾನ ತರಬಹುದು. ಆದರೆ ತನ್ನ ಸಾಲು ಸಾಲದು ಎಂದು ಆ ಮಗು ಅಂದೇ ತೀರ್ಮಾನಿಸಿಬಿಡುತ್ತದೆ.

‘ಕೊಡತಾಳ’ ಎಂಬುದನ್ನು ‘ಕೊಡುತ್ತಾಳೆ’ ಎಂದು ತಿದ್ದಬೇಕೇ? ಪರೀಕ್ಷೆಯ ಉತ್ತರದಲ್ಲಿ ತಿದ್ದಿ, ಕಥೆಯಲ್ಲಿ ಬೇಡ. ‘ಬಾರಲೇ ತಮ್ಮಾ, ಎಷ್ಟೊತ್ತಾತು’ ಎನ್ನುವ ಅಜ್ಜಿಯನ್ನು ‘ಬಾರೋ ತಮ್ಮ, ಎಷ್ಟು ಹೊತ್ತಾಯಿತು’ ಎನ್ನುವಂತೆ ಮಾಡಿದರೆ ಅವಳು ಬೇರೆ ಊರಿನ ಅಜ್ಜಿಯಾಗುತ್ತಾಳೆ. ಹುಡುಗನಿಗೆ ಎರಡೂ ಗೊತ್ತಿರಬೇಕು, ಆಯ್ಕೆ ಅವನದಾಗಿರಬೇಕು. ತಾಂಡಾದಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ, ಕೆಲವರದು ಉರ್ದು. ಕನ್ನಡ ಪದ ಸಿಗದ ಕಡೆ ಮನೆಯ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಯಲಿ. ಆ ಒಂದು ಅನುಮತಿ ಕೊಟ್ಟರೆ ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಸುಮ್ಮನಿದ್ದ ಮಗು ಎರಡು ಪುಟ ಬರೆಯುತ್ತದೆ.

ಅಲ್ಪಪ್ರಾಣ ಮಹಾಪ್ರಾಣ, ಶ ಷ ಸ, ಒತ್ತಕ್ಷರದ ತಪ್ಪುಗಳನ್ನು ಕೊನೆಯ ಸುತ್ತಿಗೆ ಇಟ್ಟುಕೊಳ್ಳಿ, ಅದೂ ಗೋಡೆಗೆ ಅಥವಾ ಅಚ್ಚಿಗೆ ಹೋಗುವ ಬರಹದಲ್ಲಿ ಮಾತ್ರ. ಮೊದಲ ಕರಡಿನಲ್ಲೇ ಇಪ್ಪತ್ತು ಕೆಂಪು ಸುತ್ತು ಬಿದ್ದರೆ ಮುಂದಿನ ಸಲ ಮಗು ತನಗೆ ಖಚಿತವಾಗಿ ಬರೆಯಲು ಬರುವ ಪದಗಳನ್ನೇ ಆರಿಸಿಕೊಳ್ಳುತ್ತದೆ. ಆಮೇಲೆ ಭಾಷೆ ಬೆಳೆಯುವುದು ಎಲ್ಲಿಂದ?

ಪ್ರಾಸವನ್ನು ಪೂರ್ತಿ ಬಿಡಿಸುವ ಅಗತ್ಯವಿಲ್ಲ. ಮಕ್ಕಳಿಗೆ ಗೊತ್ತಿರುವುದು ಸಾಲಿನ ತುದಿಯ ಪ್ರಾಸ ಮಾತ್ರ. ಕನ್ನಡದ ಹಳೆಯ ಪ್ರಾಸ ಇರುವುದು ಸಾಲಿನ ಎರಡನೇ ಅಕ್ಷರದಲ್ಲಿ. ರೊಟ್ಟಿ, ಬುಟ್ಟಿ, ಹೊಟ್ಟೆ ಈ ಮೂರರಿಂದ ಮೂರು ಸಾಲು ಶುರುಮಾಡಲು ಹೇಳಿ. ಎರಡನೇ ಅಕ್ಷರದ ವ್ಯಂಜನ ಮೂರರಲ್ಲೂ ಒಂದೇ, ಅದರ ಹಿಂದಿನ ಅಕ್ಷರ ಮೂರರಲ್ಲೂ ಗುರು. ಸಾಲಿನ ತುದಿ ಬಿಡುವಾಗುವುದರಿಂದ ‘ಬಂಧನ–ಚಂದನ’ ಹುಡುಕುತ್ತಾ ಅರ್ಥವನ್ನು ಬಿಟ್ಟುಕೊಡುವ ಕಷ್ಟ ತಪ್ಪುತ್ತದೆ. ಸರ್ವಜ್ಞನ ನೆಲದವರು ನೀವು. ತ್ರಿಪದಿಯ, ಅಂದರೆ ಮೂರು ಸಾಲಿನ ಪದ್ಯದ, ನಡೆ ಮಕ್ಕಳ ಕಿವಿಯಲ್ಲಿ ಆಗಲೇ ಇದೆ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರು, ಒಟ್ಟು ಹನ್ನೊಂದು. ಗಣ ಎಂದರೆ ಸಾಲನ್ನು ಅಳೆಯುವ ಅಕ್ಷರಗಳ ಗುಂಪು. ಆರನೆಯದೂ ಹತ್ತನೆಯದೂ ಎರಡು ಅಂಶದ ಬ್ರಹ್ಮಗಣ, ಉಳಿದವು ಮೂರು ಅಂಶದ ವಿಷ್ಣುಗಣ. ಲೆಕ್ಕ ಮೊದಲು ಹೇಳಿದರೆ ಮಕ್ಕಳು ಹೆದರುತ್ತಾರೆ. ಮೊದಲು ಹಾಡಿಸಿ, ಬರೆಯಿಸಿ, ಆಮೇಲೆ ಎಣಿಸಿ.

ಗುಂಪಿನಲ್ಲಿ ಓದುವಾಗ ‘ಚೆನ್ನಾಗಿದೆ’ ಎಂಬ ಮಾತನ್ನು ನಿಷೇಧಿಸಿ. ಕೇಳಿದವರು ಮೂರೇ ವಿಷಯ ಹೇಳಬೇಕು: ಯಾವ ಸಾಲು ನೆನಪಿನಲ್ಲಿ ಉಳಿಯಿತು, ಎಲ್ಲಿ ಅರ್ಥವಾಗಲಿಲ್ಲ, ಏನನ್ನು ಇನ್ನಷ್ಟು ತಿಳಿಯಬೇಕು ಅನ್ನಿಸಿತು. ಅಷ್ಟು ಹೊತ್ತು ಬರೆದವರು ಮಾತನಾಡಬಾರದು. ವಿವರಿಸಲು ಹೊರಟರೆ ಆ ವಿವರಣೆ ಗಾಳಿಗೆ ಹೋಗುತ್ತದೆ. ಅದು ಹಾಳೆಯಲ್ಲಿ ಇರಬೇಕಾದದ್ದು.

ನೋಟ್‌ಬುಕ್ಕಿನ ಬಲಪುಟದಲ್ಲಿ ಮಾತ್ರ ಬರೆಯಲಿ, ಎಡಪುಟ ತಿದ್ದುಪಡಿಗೆ ಖಾಲಿ ಇರಲಿ. ಪುಟ ಮಡಚಿದ್ದರೆ ಅದನ್ನು ನೀವು ಓದುವುದಿಲ್ಲ ಎಂದು ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ. ತೆರೆದ ಪುಟದಲ್ಲಿ ಹೊಡೆತದ, ಬಾಲ್ಯವಿವಾಹದ, ಲೈಂಗಿಕ ಕಿರುಕುಳದ ಸುಳಿವು ಕಂಡರೆ ಮಾತ್ರ ಅದನ್ನು ಸಾಹಿತ್ಯವೆಂದು ನೋಡಬೇಡಿ. ತರಗತಿಯಲ್ಲಿ ಓದಿಸಬೇಡಿ, ಪ್ರಕಟಿಸಬೇಡಿ. ಮಗುವಿನ ಜೊತೆ ಒಂಟಿಯಾಗಿ ಮಾತನಾಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ಅಪರಾಧವಾದರೆ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ.

ಮೊದಲ ಪ್ರಕಟಣೆ ಗೋಡೆಯ ಮೇಲೆ. 22×28 ಇಂಚಿನ ಒಂದು ಚಾರ್ಟ್ ಹಾಳೆಯಲ್ಲಿ ನಾಲ್ಕು ಎ4 ಹಾಳೆ ಹಿಡಿಸಿ, ಮೇಲೆ ಹೆಸರಿಗೆ ನಾಲ್ಕೂವರೆ ಇಂಚು ಉಳಿಯುತ್ತದೆ. ಹದಿನೈದು ದಿನಕ್ಕೆ ಎರಡು ಚಾರ್ಟ್ ಹಾಕಿದರೆ ಎಂಟು ಬರಹ. ದಸರಾ ರಜೆ, ಪರೀಕ್ಷೆ ಕಳೆದು ವರ್ಷಕ್ಕೆ ಹದಿನಾರು ಸಂಚಿಕೆ ಸಿಕ್ಕರೆ 128 ಬರಹ. ಅಂದರೆ 110 ಮಕ್ಕಳಲ್ಲಿ ಒಬ್ಬರೂ ಬಿಟ್ಟುಹೋಗುವುದಿಲ್ಲ. ಈ ಲೆಕ್ಕವನ್ನು ಮಕ್ಕಳಿಗೆ ಜೂನ್‌ನಲ್ಲೇ ಹೇಳಿಬಿಡಿ. ತನ್ನ ಸರದಿ ಬಂದೇ ಬರುತ್ತದೆ ಎಂದು ಗೊತ್ತಿರುವ ಮಗು ತಯಾರಿ ಮಾಡಿಕೊಳ್ಳುತ್ತದೆ. ಆಯ್ದವರದ್ದು ಮಾತ್ರ ಬರುವುದಾದರೆ ಉಳಿದವರು ಎರಡನೇ ಸಂಚಿಕೆಯ ಹೊತ್ತಿಗೆ ಗೋಡೆಯ ಕಡೆ ನೋಡುವುದನ್ನೂ ಬಿಡುತ್ತಾರೆ. ಹಾಳೆಗೆ ಹದಿನೆಂಟು ಸಾಲಿಗಿಂತ ಹೆಚ್ಚು ಬೇಡ, ನಿಂತು ಓದಬೇಕಲ್ಲ. ಮಕ್ಕಳ ಕಣ್ಣಿನ ಎತ್ತರಕ್ಕೆ, ನೀರು ಕುಡಿಯುವ ಜಾಗದ ಹತ್ತಿರ ತೂಗುಹಾಕಿ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿದ್ದರೆ ಅತಿಥಿಗಳಷ್ಟೇ ಓದುತ್ತಾರೆ. ಪಕ್ಕದಲ್ಲಿ ದಾರಕ್ಕೆ ಪೆನ್ಸಿಲ್ ಕಟ್ಟಿ ಒಂದು ಖಾಲಿ ಹಾಳೆ ಅಂಟಿಸಿ, ಓದಿದವರು ಬರೆಯಲಿ. ಸಂಪಾದಕ ಮಂಡಳಿಗೆ ಐವರು ಮಕ್ಕಳು ಸಾಕು, ಎರಡು ಸಂಚಿಕೆಗೊಮ್ಮೆ ಬದಲಾಗಲಿ.

ವರ್ಷಕ್ಕೊಂದು ಅಚ್ಚಿನ ಪುಸ್ತಿಕೆ ತರಬಹುದು. 32 ಪುಟ ಸಾಕು. ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ, ಎಂಟು ಹಾಳೆಗೆ 32. ಪುಟಗಳು ಯಾವಾಗಲೂ ನಾಲ್ಕರ ಗುಣಕದಲ್ಲಿರಬೇಕು. 30 ಪುಟಕ್ಕೆ ಸಾಮಗ್ರಿ ಇದ್ದರೆ ಎರಡು ಪುಟ ಚಿತ್ರಕ್ಕೆ ಕೊಡಿ. ಪುಟ ಜೋಡಿಸುವಾಗ ಒಂದೇ ಬದಿಯ ಎರಡು ಪುಟಸಂಖ್ಯೆ ಕೂಡಿದರೆ 33 ಬರಬೇಕು: ಮೊದಲ ಹಾಳೆಯ ಒಂದು ಬದಿಗೆ 32 ಮತ್ತು 1, ಹಿಂಬದಿಗೆ 2 ಮತ್ತು 31, ಎರಡನೇ ಹಾಳೆಗೆ 30 ಮತ್ತು 3, ಹೀಗೆ. ಇದೊಂದು ತಪ್ಪಿದರೆ ನೂರೂ ಪ್ರತಿ ವ್ಯರ್ಥ. ಮೊದಲು ಖಾಲಿ ಹಾಳೆ ಮಡಚಿ ಪುಟಸಂಖ್ಯೆ ಬರೆದ ಒಂದು ಮಾದರಿ ಮಾಡಿಕೊಂಡು ಅಂಗಡಿಯವರಿಗೆ ಕೊಡಿ. ನೂರು ಪ್ರತಿಗೆ 800 ಹಾಳೆ, ಅಂದರೆ ಎರಡು ರೀಮಿನೊಳಗೆ ಮುಗಿಯುತ್ತದೆ. ಪ್ರಿಂಟ್ ಬದಿಗೆ ಒಂದು ರೂಪಾಯಿ ಎಂದು ಹಿಡಿದರೆ ಪ್ರತಿಗೆ 16 ರೂಪಾಯಿ, ನೂರಕ್ಕೆ 1,600. ರಕ್ಷಾಪುಟದ ದಪ್ಪ ಕಾಗದ ಬೇರೆ. ಸಂಕಲನದವರು ಕೇಳುತ್ತಿರುವ ದರದಲ್ಲಿ ನಾಲ್ಕು ಕವನಕ್ಕೂ ಆಗದ ಹಣ ಇದು. 40 ಕವನಕ್ಕಾದರೆ 20,000 ಆಗುತ್ತಿತ್ತು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಅಂಕಿಗಳನ್ನೇ ಇಡಿ.

ಟೈಪಿಂಗ್ ಯೂನಿಕೋಡ್‌ನಲ್ಲೇ ಆಗಲಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿಸಿದರೆ ಮೊಬೈಲ್‌ನಲ್ಲಿ ತೆರೆದಾಗ ಅಕ್ಷರದ ಬದಲು ಚಿಹ್ನೆಗಳು ಕಾಣುತ್ತವೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿಬಿಡುವುದು ತುಂಬ ಸಾಮಾನ್ಯ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಹುಡುಕಿದರೆ ಪದ ಸಿಗುವುದಿಲ್ಲ. ಅಕ್ಷರ 12 ಪಾಯಿಂಟ್, ಸಾಲಿನ ಅಂತರ ಒಂದೂವರೆ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕರಡು ತಿದ್ದುವಾಗ ಒಂದು ಮಗು ಮೂಲ ಓದಲಿ, ಇನ್ನೊಂದು ಅಚ್ಚು ನೋಡಲಿ. ಒಬ್ಬರೇ ನೋಡಿದರೆ ಮನಸ್ಸು ತಪ್ಪನ್ನು ಸರಿಯಾಗಿಯೇ ಓದಿಕೊಳ್ಳುತ್ತದೆ. ಎರಡನೇ ಪುಟದಲ್ಲಿ ‘ಬರಹಗಳ ಹಕ್ಕು ಆಯಾ ಬರಹಗಾರರದು’ ಎಂಬ ಸಾಲು ಇರಲಿ. ಎರಡು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಲಿ.

ಹೊರಗಿನ ಪತ್ರಿಕೆಗಳಿಗೆ ಕಳಿಸುವುದು ಇದರ ನಂತರದ ಹೆಜ್ಜೆ. ದಿನಪತ್ರಿಕೆಗಳ ಮಕ್ಕಳ ಪುಟ, ಸಾಪ್ತಾಹಿಕ ಪುರವಣಿ, ಆಮೇಲೆ ಸುಧಾ, ತರಂಗ, ಮಯೂರ, ತುಷಾರ. ಕಳಿಸುವ ಮೊದಲು ಆ ಪತ್ರಿಕೆಯ ಇತ್ತೀಚಿನ ಎರಡು ಸಂಚಿಕೆಗಳನ್ನು ಮಗು ಓದಿರಬೇಕು. ಒಮ್ಮೆಗೆ ಎರಡೋ ಮೂರೋ ಕವನ ಸಾಕು, ಯೂನಿಕೋಡ್ ಫೈಲ್‌ನಲ್ಲಿ, ಹೂಬಳ್ಳಿಯ ಅಂಚಿಲ್ಲದೆ. ಜೊತೆಗೆ ಐದು ಸಾಲಿನ ಪತ್ರ: ಹೆಸರು, ತರಗತಿ, ಶಾಲೆ, ಸ್ವಂತ ರಚನೆ ಹಾಗೂ ಬೇರೆಲ್ಲೂ ಪ್ರಕಟವಾಗಿಲ್ಲ ಎಂಬ ಮಾತು, ಮತ್ತು ನಿಮ್ಮ ಫೋನ್ ನಂಬರ್. ಮಗುವಿನದಲ್ಲ, ನಿಮ್ಮದು. ಒಂದೇ ಕವನವನ್ನು ಎರಡು ಕಡೆ ಕಳಿಸಬೇಡಿ. ಮೂರು ತಿಂಗಳು ಉತ್ತರ ಬರದಿದ್ದರೆ ಹಿಂಪಡೆಯುತ್ತಿದ್ದೇವೆ ಎಂದು ತಿಳಿಸಿ ಬೇರೆಡೆ ಕಳಿಸಿ. ಉತ್ತರ ಬರದಿರುವುದೇ ಹೆಚ್ಚು, ಇದನ್ನು ಮಗುವಿಗೆ ಮೊದಲೇ ಹೇಳಿರಬೇಕು. ಕಳಿಸಿದ ದಿನ, ಪತ್ರಿಕೆ, ಉತ್ತರ ಎಂದು ನೋಟ್‌ಬುಕ್ಕಿನ ಕೊನೆಯಲ್ಲಿ ಒಂದು ಪಟ್ಟಿ ಇಟ್ಟುಕೊಂಡರೆ ಮರಳಿ ಬಂದ ಕವನವೂ ಮಗುವಿಗೆ ಕೆಲಸದ ಭಾಗವಾಗಿ ಕಾಣುತ್ತದೆ. ಪ್ರತಿಭಾ ಕಾರಂಜಿಯ ಪ್ರಬಂಧದಂಥ ಸ್ಪರ್ಧೆಗಳಿಗೂ ಕಳಿಸಿ, ಆದರೆ ವರ್ಷದ ತಯಾರಿಯನ್ನೆಲ್ಲ ಅದರ ಸುತ್ತ ಕಟ್ಟಬೇಡಿ. ಕ್ಲಸ್ಟರ್ ಮಟ್ಟದಲ್ಲಿ ಸೋತ ಮಗುವಿಗೆ ಮರುದಿನವೂ ಬರೆಯಲು ಕಾರಣ ಉಳಿದಿರಬೇಕು.

ಆನ್‌ಲೈನ್‌ನಲ್ಲಿ ಪ್ರತಿಲಿಪಿ ಇದೆ, ಮಕ್ಕಳ ಸಚಿತ್ರ ಕಥೆಗಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಇದೆ. ಸ್ಟೋರಿವೀವರ್‌ನಲ್ಲಿ ಹಾಕಿದ ಕಥೆ ಮುಕ್ತ ಪರವಾನಗಿಯಡಿ ಹೋಗುತ್ತದೆ, ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಮನೆಯವರಿಗೆ ಇದು ಗೊತ್ತಿರಲಿ. ಎಲ್ಲಿಯೇ ಆಗಲಿ ಮಗುವಿನ ಪೂರ್ಣ ಹೆಸರು, ಫೋಟೊ, ಊರು, ಶಾಲೆ ನಾಲ್ಕೂ ಒಟ್ಟಿಗೆ ಬರಬಾರದು.

ಮಕ್ಕಳು ಯೂಟ್ಯೂಬ್‌ನಿಂದಲೋ ಎಐಯಿಂದಲೋ ಇಳಿಸಿಕೊಂಡ ಕವನ ತಂದರೆ ಬೈಯಬೇಡಿ. ಕರಡು ತೋರಿಸು ಎನ್ನಿ, ಎಡಪುಟದ ಹೊಡೆದು ಹಾಕಿದ ಸಾಲುಗಳೇ ಸಾಕ್ಷಿ. ಅದಿಲ್ಲದಿದ್ದರೆ ಗೋಡೆಗೆ ಹೋಗುವುದಿಲ್ಲ ಎಂಬ ನಿಯಮ ಎಲ್ಲರಿಗೂ ಒಂದೇ.

ಈಗ ಆ ನೋಟ್‌ಬುಕ್. ಹದಿನೈದು ದಿನದೊಳಗೆ ಓದಿ ಹಿಂದಿರುಗಿಸಿ, ತಡವಾದಷ್ಟೂ ಅವಳು ಅದನ್ನು ತಿರಸ್ಕಾರವೆಂದು ತಿಳಿಯುತ್ತಾಳೆ. ಪೆನ್ಸಿಲ್ ಹಿಡಿದು, ನಿಮಗೆ ನಿಜವಾಗಿ ಹಿಡಿಸಿದ ಸಾಲಿನ ಪಕ್ಕ ಸಣ್ಣ ಗೆರೆ ಎಳೆಯಿರಿ, ಕವನಕ್ಕೆ ಒಂದು ಸಾಲಿದ್ದರೂ ಸಾಕು. 40ರಲ್ಲಿ ಅವಳಿಗೆ ಪ್ರಿಯವಾದ ಹತ್ತನ್ನು ಅವಳೇ ಆರಿಸಲಿ, ನೀವು ಬೇರೆಯಾಗಿ ಹತ್ತು ಆರಿಸಿ. ಎರಡೂ ಪಟ್ಟಿಯಲ್ಲಿರುವ ಕವನಗಳನ್ನು ಮುಂದಿನ ಆರು ವಾರ ಗುಂಪಿನಲ್ಲಿ ಓದಿಸಿ, ತಿದ್ದಿಸಿ. ಒಂದು ಮೊದಲ ಗೋಡೆ ಸಂಚಿಕೆಗೆ, ಎರಡು ಮಕ್ಕಳ ಪುಟಕ್ಕೆ ಹೋಗಲಿ. ಪುಸ್ತಕದ ಆಸೆಯನ್ನು ಚಿವುಟಬೇಡಿ, ಅದಕ್ಕೂ ದಾರಿಯಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತ ಬಂದಿದೆ. ವಯೋಮಿತಿ, ಕೊನೆಯ ದಿನ ಪ್ರಕಟಣೆಯಲ್ಲಿ ಇರುತ್ತವೆ. ಅಲ್ಲಿ ಆಯ್ಕೆಯಾದವರಿಗೆ ಹಣ ಬರುತ್ತದೆ, ಅವರಿಂದ ಹೋಗುವುದಿಲ್ಲ. ಅಲ್ಲಿಯವರೆಗೆ ಮಿಕ್ಕ ಕವನಗಳನ್ನು ಅವಳು ಹರಿದುಹಾಕದಂತೆ ನೋಡಿಕೊಳ್ಳಿ. ದಿನಾಂಕ ಬರೆಸಿ, ಅದೇ ನೋಟ್‌ಬುಕ್ಕಿನಲ್ಲಿ ಇರಲಿ.